ಗಿಳಿಯ ಕೊನೆಯ ಮಾತು

ಸೈನ್ಯ ಕೊಡದ ಬಡ್ತಿಯನ್ನು ಅವನಿಗೆ ಟಾಕೀಸು ಕೊಟ್ಟಿತು. ಪಟಾಲಮ್ಮಿನಲ್ಲಿದ್ದಷ್ಟು ದಿನವೂ ಅವನು ಬರೀ ಸಿಪಾಯಿ. ಮೇಲಿನವರು ಹೇಳಿದಲ್ಲಿ ಗುಂಡಿ ತೋಡುವವನು, ಹೇಳಿದಾಗ ಅದರೊಳಗೆ ಇಳಿಯುವವನು. ಮೊಣಕಾಲಿನ ಚಿಪ್ಪು ಒಡೆದು, ಎಡಗಾಲು ಮಡಚಲು ಬಾರದೆ ಮನೆಗೆ ಬಂದು, ಟಾಕೀಸಿನ ಬಾಗಿಲಲ್ಲಿ ಟಿಕೆಟು ಹರಿಯುವ ಕೆಲಸಕ್ಕೆ ನಿಂತ ವಾರವೇ ಯಾರೋ ಅವನನ್ನು ಹವಾಲ್ದಾರ್ ಎಂದರು. ಹೆಸರು ಅಂಟಿಕೊಂಡಿತು. ತಾನು ಹವಾಲ್ದಾರನಲ್ಲ ಎಂದು ಮೊದಮೊದಲು ತಿದ್ದಿ ನೋಡಿದ, ಆಮೇಲೆ ಬಿಟ್ಟ. ಊರು ಇಟ್ಟ ಹೆಸರನ್ನು ತೊಳೆದುಕೊಳ್ಳಲು ಯಾವ ಸೋಪೂ ಸಾಲದು.

ಗೇಟಿನ ಕೆಲಸಕ್ಕೆ ಅವನು ಹೇಳಿ ಮಾಡಿಸಿದಂತಿದ್ದ. ಮಡಚದ ಕಾಲನ್ನು ಬಾಗಿಲಿಗೆ ಅಡ್ಡ ಚಾಚಿದನೆಂದರೆ ಟಿಕೆಟಿಲ್ಲದ ಯಾವ ಭೂಪನೂ ಒಳಗೆ ನುಸುಳುವಂತಿರಲಿಲ್ಲ. ತಡವಾಗಿ ಬಂದವರಿಗೆ ಟಾರ್ಚಿನ ಬೆಳಕನ್ನು ಮುಖಕ್ಕೆ ಬಿಡದೆ ಕಾಲಿನ ಬುಡಕ್ಕೆ ಬಿಡುತ್ತಿದ್ದ. ಯಾವ ಕುರ್ಚಿಯ ಸ್ಪ್ರಿಂಗು ಮೇಲೆದ್ದಿದೆ, ಯಾವ ಸಾಲಿನ ಮೇಲೆ ಸೂರು ಸೋರುತ್ತದೆ ಎಂದು ತಿಳಿದುಕೊಂಡು, ಬಸುರಿ ಹೆಂಗಸರನ್ನೂ ವಯಸ್ಸಾದವರನ್ನೂ ಅಲ್ಲಿಂದ ತಪ್ಪಿಸಿ ಕೂರಿಸುತ್ತಿದ್ದ. ಆಟ ಶುರುವಾದ ಮೇಲೆ ಪರದೆಗೆ ಬೆನ್ನು ಹಾಕಿ, ಜನರ ಮುಖ ನೋಡುತ್ತ ನಿಲ್ಲುವುದು ಅವನ ಅಭ್ಯಾಸ. ಟಾಕೀಸಿನ ಮಾಲೀಕನನ್ನು ಎಲ್ಲರೂ ಸಾಹುಕಾರ ಎನ್ನುತ್ತಿದ್ದರು. ಸಾಹುಕಾರ ಇದನ್ನು ನಿಷ್ಠೆ ಎಂದುಕೊಂಡಿದ್ದ. ನಿಷ್ಠೆಯೂ ಇಲ್ಲ, ಎಂಥದೂ ಇಲ್ಲ. ಎದೆ ಹಿಡಿದುಕೊಂಡು ಸತ್ತವನು ಮುಂದಿನ ವಾರ ಇನ್ನೊಂದು ಚಿತ್ರದಲ್ಲಿ ಕುಣಿಯುತ್ತ ಬರುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ, ಅಷ್ಟೆ.

ಟಾಕೀಸಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡಹೆಂಡಿರಿಬ್ಬರೂ ಕಡಿಮೆ ಮಾತಿನವರು. ಆಕೆ ದಿನವಿಡೀ ನೋಡಿದ್ದನ್ನು ಆಸ್ಪತ್ರೆಯಲ್ಲೇ ಹಿಂಡಿ ಬರುತ್ತಿದ್ದಳು, ಅವನು ಯುದ್ಧದಲ್ಲಿ ಬೆಟ್ಟದ ಮೇಲೆ ನೋಡಿದ್ದನ್ನು ಮನೆಯೊಳಗೆ ತಂದಿರಲಿಲ್ಲ. ಸಂಸಾರ ಹೀಗೂ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ.

ನಡೆಯದಿದ್ದದ್ದು ವರ್ಷದಲ್ಲಿ ಒಂದು ದಿನ. ಅಂದು ಊರಿನ ಆಚೆ ತುದಿಯಿಂದ ಒಬ್ಬ ವಯಸ್ಸಾದ ಹೆಂಗಸು ಬಸ್ಸು ಹಿಡಿದು ಬಂದು, ಟಾಕೀಸಿನ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮ್ಯಾಟಿನಿ ಶುರುವಾಗಿ ಬಾಗಿಲು ಹಾಕಿದ ಮೇಲೆ ಅವನು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ. ಕಾಲು ಹೇಗಿದೆ, ಹೆಂಡತಿ ಹೇಗಿದ್ದಾಳೆ ಎಂದು ಕೇಳುವುದೆಲ್ಲ ಕೇಳಿಯಾದ ಮೇಲೆ ಆಕೆ ತಲೆ ತಗ್ಗಿಸಿ, ಪ್ರತಿ ವರ್ಷವೂ ಅದನ್ನೇ ಕೇಳುತ್ತಿದ್ದಳು.

"ಕೊನೇಲಿ ಏನಾದ್ರೂ ಅಂದ್ನೇನಪ್ಪಾ?"

ಅವನೂ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದ. ಇಲ್ಲಮ್ಮಾ, ಒಂದೇ ಏಟು, ಬಿದ್ದ ಕೂಡಲೇ ಹೋದ, ನೋವು ಕೂಡ ಗೊತ್ತಾಗಿರಲಿಕ್ಕಿಲ್ಲ. ಆಕೆ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಿದ್ದಳು. ಒಮ್ಮೆ ಮಾತ್ರ, ಅಷ್ಟೊಂದು ಮಾತಾಡೋ ಹುಡುಗ ಮಾತಾಡದೆ ಹೇಗೆ ಹೋದ ಅಂತ ನನಗೆ ತಿಳಿಯೋದೇ ಇಲ್ಲ ಎಂದಿದ್ದಳು.

ಆಕೆ ಕೇಳುತ್ತಿದ್ದದ್ದು ತನ್ನ ಚಿಕ್ಕ ಮಗನ ವಿಷಯ. ಬಾಯಿ ಮುಚ್ಚದ ಹುಡುಗ ಎಂದು ತುಕಡಿಯಲ್ಲಿ ಎಲ್ಲರೂ ಅವನನ್ನು ಗಿಳಿ ಎನ್ನುತ್ತಿದ್ದರು. ಹವಾಲ್ದಾರ ಆ ತುಕಡಿಗೆ ಬೇರೆ ಕಡೆಯಿಂದ ಬಂದು ಸೇರಿದವನು. ಹೊಸಬನಿಗೆ ಮೊದಲ ದಿನವೇ ಜಾಗ ಬಿಟ್ಟು ಮಲಗಿದವನು ಗಿಳಿ. ಮನೆಯ ಸಮಾಚಾರವನ್ನೆಲ್ಲ ಅವನೇ ಹೇಳಿದ್ದ: ಅಮ್ಮ ಇದ್ದಾಳೆ, ಅಣ್ಣ ಲಾರಿ ಓಡಿಸುತ್ತಾನೆ, ಅರ್ಧ ತಿಂಗಳು ಊರಲ್ಲೇ ಇರುವುದಿಲ್ಲ, ಮನೆಗೆ ಸೊಸೆ ಬಂದಿದ್ದಾಳೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಕಂಬಳಿ ಹೊದ್ದರು. ಒಡಹುಟ್ಟಿದವರಿಲ್ಲದ ಹವಾಲ್ದಾರನಿಗೆ ತಮ್ಮ ಎಂದರೆ ಹೀಗಿರುತ್ತಾನೆ ಎಂದು ಗೊತ್ತಾದದ್ದು ಅಲ್ಲಿ.

ಬೆಟ್ಟದ ಮೇಲೆ ನಡೆದದ್ದು ಬೇರೆಯೇ. ಗಿಳಿಗೆ ಗುಂಡು ಬಿದ್ದದ್ದು ಹೊಟ್ಟೆಗೆ. ಒಂದು ಬಂಡೆಯ ಹಿಂದಿನ ಕುಳಿಗೆ ಹವಾಲ್ದಾರ ಅವನನ್ನು ಎಳೆದು ತಂದ. ಅಲ್ಲಿ ಬೇರೆ ತುಕಡಿಯ ನಾಲ್ಕಾರು ಜನ ಮೊದಲೇ ಅಡಗಿದ್ದರು. ಹೊತ್ತೊಯ್ಯುವವರು ಬರುತ್ತಾರೆಂದು ಕಾದರು, ಯಾರೂ ಬರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಿಳಿಗೆ ಪ್ರಜ್ಞೆ ಅರ್ಧ ತಪ್ಪಿತು. ಆಗ ಕರೆಯಲು ಶುರು ಮಾಡಿದ. ಅಮ್ಮಾ ಎಂದಲ್ಲ, ದೇವರೇ ಎಂದಲ್ಲ. "ಅತ್ತಿಗೇ," ಎಂದು ಕರೆದ. "ಅತ್ತಿಗೇ, ಬಾ. ಅತ್ತಿಗೇ, ಇಲ್ಲೇ ಕೂತ್ಕೋ."

ಕುಳಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಸಾಯುವ ಭಯದಲ್ಲಿದ್ದವರಿಗೆ ನಗುವೂ ಬೇಗ ಬರುತ್ತದೆ. ಒಬ್ಬ ಕಿಸಕ್ಕೆಂದ, ಇನ್ನೊಬ್ಬ ಕಣ್ಣು ಮಿಟುಕಿಸಿದ. ಅಣ್ಣ ಲಾರಿ ಹತ್ತಿ ಊರೂರು ಅಲೆಯುತ್ತಾನೆ ಎನ್ನುವುದು ಹವಾಲ್ದಾರನ ನೆನಪಿಗೆ ಬಂತು, ಮೈಯೆಲ್ಲ ಉರಿದುಹೋಯಿತು. ಸಾಯುತ್ತಿರುವ ತಮ್ಮನ ಮಾನ ಕಂಡವರ ಬಾಯಿಗೆ ಬೀಳುವುದನ್ನು ನೋಡಿಕೊಂಡು ಯಾವ ಅಣ್ಣ ಸುಮ್ಮನಿರುತ್ತಾನೆ? ಅವನು ಗಿಳಿಯ ಬಾಯಿಯ ಮೇಲೆ ಅಂಗೈ ಇಟ್ಟ. ಕಿವಿಯಲ್ಲಿ ಏನೋ ಹೇಳಿದ. ಕತ್ತಲಾಗುವ ಹೊತ್ತಿಗೆ ಗಿಳಿ ಹೋಗಿದ್ದ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಹವಾಲ್ದಾರ ಒಂದೇ ಒಂದು ಸಲ ಗಿಳಿಯ ಮನೆಗೆ ಹೋಗಿದ್ದ. ಅಣ್ಣ ಲಾರಿಯ ಮೇಲೆ ಹೋಗಿದ್ದ. ಬಾಗಿಲ ಸಂದಿಯಲ್ಲಿ ಸಣ್ಣ ವಯಸ್ಸಿನ ಸೊಸೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಸಾವಾದರೆ ಹೆಂಗಸರು ಅಳದೆ ನಗುತ್ತಾರೆಯೇ? ಆದರೆ ಅನುಮಾನ ಹೊಕ್ಕ ಕಣ್ಣಿಗೆ ನೀರೆಲ್ಲ ಒಂದೇ ಬಣ್ಣ. ಅವನು ಆ ಹುಡುಗಿಯ ಕಡೆ ಎರಡನೆಯ ಸಲ ನೋಡದೆ, ಒಂದೇ ಏಟು, ಮಾತಿಲ್ಲ ಕತೆಯಿಲ್ಲ ಎಂದು ತಾಯಿಗೆ ಹೇಳಿ ಎದ್ದುಬಂದ. ಅಂದಿನಿಂದ ಆ ಸುಳ್ಳನ್ನು ಮಗುವಿನ ಹಾಗೆ ಸಾಕಿಕೊಂಡು ಬಂದಿದ್ದ. ಅದರಿಂದ ಮೂರು ಜನರ ಮಾನ ಉಳಿದಿದೆ ಎಂದು ಅವನು ನಂಬಿದ್ದ.

ನಿರ್ದೇಶಕ ಬಂದದ್ದು ಒಂದು ಮಧ್ಯಾಹ್ನ, ಎರಡು ಆಟಗಳ ನಡುವೆ. ತನ್ನ ಹಿಂದಿನ ಚಿತ್ರ ಹೇಗೆ ಓಡುತ್ತಿದೆ ಎಂದು ನೋಡಲು ಬಂದವನಿಗೆ ಸಾಹುಕಾರ ಮಾತಿನ ಮಧ್ಯೆ, ನಮ್ಮ ಗೇಟಿನವನು ಬೆಟ್ಟದ ಯುದ್ಧದಲ್ಲಿದ್ದ ಎಂದ. ನಿರ್ದೇಶಕನ ಕಿವಿ ನೆಟ್ಟಗಾಯಿತು. ಅವನು ಮಾಡಬೇಕೆಂದಿದ್ದ ಚಿತ್ರವೇ ಆ ಬೆಟ್ಟದ್ದು. ದರ್ಪವಿಲ್ಲದ ಮನುಷ್ಯ. ಸಾಹುಕಾರನ ಕೋಣೆಯಲ್ಲಿ ಎದುರಿಗೆ ಕುರ್ಚಿ ಹಾಕಿ ಕೂರಿಸಿ, ಹೇಳಿ ಎಂದ. ಸಿಗರೇಟು ಕೊಟ್ಟ. ಮಧ್ಯೆ ಬಾಯಿ ಹಾಕಲಿಲ್ಲ. ಯಾರೂ ಎಂದೂ ಕೂರಿಸಿ ಕೇಳದವನಿಗೆ ಹೀಗೊಬ್ಬ ಕೇಳಲು ಕೂತರೆ ಏನಾಗಬೇಕೋ ಅದಾಯಿತು. ಹೆಂಡತಿಗೂ ಹೇಳದ್ದನ್ನು ಹವಾಲ್ದಾರ ಆ ಅಪರಿಚಿತನ ಮುಂದೆ ಹೇಳಿಬಿಟ್ಟ. ಹೊಟ್ಟೆಯ ಗಾಯ, ಬಂಡೆಯ ಹಿಂದಿನ ಕುಳಿ, ಅತ್ತಿಗೇ ಎಂಬ ಕರೆ, ಬಾಯಿಯ ಮೇಲಿಟ್ಟ ಕೈ, ಎಲ್ಲ. ಕೈ ಯಾಕೆ ಇಟ್ಟಿರಿ ಎಂದು ಕೇಳಿದಾಗ ಮಾತ್ರ ಎಚ್ಚರಾಗಿ, ಶತ್ರುಗಳು ಹತ್ತಿರವಿದ್ದರು, ಸದ್ದಾಗಬಾರದು ಅಂತ ಎಂದ.

ಸಿನಿಮಾದಲ್ಲಿ ಎಲ್ಲರೂ ಅಮ್ಮಾ ಅಂತಲೇ ಸಾಯುತ್ತಾರೆ, ನಿಜ ಅಂದರೆ ಇದು ಎಂದು ನಿರ್ದೇಶಕ ತನ್ನಷ್ಟಕ್ಕೆ ಹೇಳಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಚಿತ್ರದಲ್ಲಿ ಹಾಕಬೇಡಿ ಎಂದು ಹೇಳುವ ಬುದ್ಧಿ ಹವಾಲ್ದಾರನಿಗೆ ಬರುವಷ್ಟರಲ್ಲಿ ನಿರ್ದೇಶಕನ ಕಾರು ಹೊರಟುಹೋಗಿತ್ತು.

ಚಿತ್ರ ಬಂತು. ಅದಕ್ಕೊಂದು ದೊಡ್ಡ ಹೆಸರಿತ್ತು. ಆದರೆ ಜನ ಅದನ್ನು ಬೆಟ್ಟದ ಪಿಕ್ಚರ್ ಎಂದೇ ಕರೆದರು. ಊರಿನಲ್ಲಿ ಅಂಥ ಚಿತ್ರ ಯಾರೂ ನೋಡಿರಲಿಲ್ಲ. ಹಾಡಿಲ್ಲ, ನಾಯಕಿಯಿಲ್ಲ, ಬಾವುಟ ಹಿಡಿದು ಓಡುವವರಿಲ್ಲ. ಮಣ್ಣು, ಕೆಸರು, ಹೇನು, ಒದ್ದೆ ಕಾಲುಚೀಲ, ಕಾಯುವುದು, ಮತ್ತೆ ಕಾಯುವುದು. ಮೊದಲ ಆಟದಲ್ಲಿ ಹವಾಲ್ದಾರ ಎಂದಿನಂತೆ ಪರದೆಗೆ ಬೆನ್ನು ಹಾಕಿ ನಿಂತ. ಮುಂದಿನ ಬೆಂಚಿನ ಪೋಕರಿಗಳು ಕೂಡ ತೆರೆದ ಬಾಯಿ ಮುಚ್ಚದೆ ಕೂತಿದ್ದರು. ಬಾಲ್ಕನಿಯಲ್ಲಿ ಒಬ್ಬ ದಪ್ಪ ಮನುಷ್ಯ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ. ಬೆನ್ನ ಹಿಂದಿನ ಸದ್ದಿನಿಂದಲೇ ಹವಾಲ್ದಾರನಿಗೆ ತಾವು ಬೆಟ್ಟದ ಎಷ್ಟು ಮೇಲೆ ಹತ್ತಿದ್ದೇವೆಂದು ಗೊತ್ತಾಗುತ್ತಿತ್ತು.

ಆಮೇಲೆ ಆ ಕರೆ ಬಂತು. "ಅತ್ತಿಗೇ..."

ಮರುಕ್ಷಣ ಮುಂದಿನ ಬೆಂಚಿನಿಂದ ಯಾರೋ, ಅಣ್ಣ ಊರಲ್ಲಿಲ್ವೇನೋ ಎಂದು ಕೂಗಿದ. ಅಷ್ಟೇ ಸಾಕಾಯಿತು. ಎರಡು ಗಂಟೆಯಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ನಗುವಾಗಿ ಹೊರಬಿತ್ತು. ಬೆಂಚು ಕುಟ್ಟಿದರು, ಸಿಳ್ಳೆ ಹೊಡೆದರು. ಅಳುತ್ತಿದ್ದವರು ಕಣ್ಣೀರಿನಲ್ಲೇ ನಕ್ಕರು. ಪರದೆಯ ಮೇಲೆ ಗೆಳೆಯ ಅವನ ಬಾಯಿ ಮುಚ್ಚಿದಾಗ ನಗು ಇಮ್ಮಡಿಯಾಯಿತು. ಹವಾಲ್ದಾರ ಜನರ ಮುಖ ನೋಡುತ್ತ ನಿಂತೇ ಇದ್ದ. ಅವನಿಗೆ ಈ ನಗು ಹೊಸದಲ್ಲ. ಕುಳಿಯಲ್ಲಿ ನಾಲ್ಕು ಜನ ನಕ್ಕಿದ್ದನ್ನು ಇಲ್ಲಿ ಇಡೀ ಊರು ನಗುತ್ತಿತ್ತು.

ಪತ್ರಿಕೆಗಳು ಚಿತ್ರವನ್ನು ಹಾಡಿ ಹೊಗಳಿದವು. ಯುದ್ಧವನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ತೋರಿಸಿಲ್ಲ ಎಂದರು. ಒಬ್ಬ ವಿಮರ್ಶಕನಂತೂ ಬಾಯಿ ಮುಚ್ಚುವ ಆ ಕೈಯೊಂದರ ಮೇಲೇ ಅರ್ಧ ಪುಟ ಬರೆದು, ಅದರಲ್ಲಿ ಕರ್ತವ್ಯವನ್ನೂ ಕರುಣೆಯನ್ನೂ ಒಟ್ಟಿಗೇ ಕಂಡ. ಪಾಪ, ಅವನ ಕೆಲಸ ಅವನು ಮಾಡಿದ. ಊರಿನ ಜನ ಮಾತ್ರ ಆ ಒಂದು ಕರೆಗಾಗಿ ಮತ್ತೆ ಮತ್ತೆ ಬಂದರು. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನು ಅತ್ತಿಗೇ ಎಂದು ನರಳುತ್ತಿದ್ದ. ಅಂಗಡಿಯಲ್ಲಿ ಬೆಲೆ ಕೇಳಿ ಎದೆ ಹಿಡಿದುಕೊಂಡವನು ಅತ್ತಿಗೇ ಎನ್ನುತ್ತಿದ್ದ. ಹುಡುಗರು ಸೈಕಲ್ಲಿನ ಮೇಲೆ ಹೋಗುತ್ತ ಬೀದಿಬೀದಿಯಲ್ಲಿ ಕೂಗುತ್ತಿದ್ದರು. ಮದುವೆಯಾಗಿ ಮೈದುನರಿದ್ದ ಮನೆಗೆ ಬಂದ ಹೊಸ ಹೆಣ್ಣುಗಳು ಬೀದಿಗಿಳಿಯುವುದೇ ಕಷ್ಟವಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹವಾಲ್ದಾರ ಸಾಹುಕಾರನ ಕೋಣೆಗೆ ಹೋಗಿ, ಆ ಜಾಗದಲ್ಲಿ ಸದ್ದು ನಿಲ್ಲಿಸಲು ಆಪರೇಟರಿಗೆ ಹೇಳಬೇಕೆಂದು ಬೇಡಿಕೊಂಡ. ಸಾಹುಕಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ಜನ ಬರುತ್ತಿರುವುದೇ ಅದಕ್ಕೆ, ಕುರ್ಚಿ ಸಾಲದೆ ಬೆಂಚು ತರಿಸುತ್ತಿದ್ದೇನೆ, ನಿನ್ನನ್ನು ಕೇಳಿ ಪಿಕ್ಚರ್ ಓಡಿಸಬೇಕೇನಯ್ಯಾ ಹವಾಲ್ದಾರ್ ಎಂದ. ಕೋಳಿ ಕೇಳಿ ಮಸಾಲೆ ಅರೆಯುವವರು ಯಾರೂ ಇಲ್ಲ. ಅವನು ಸಲಾಮು ಹೊಡೆದು ಹೊರಗೆ ಬಂದ.

ಅವನ ಹೆದರಿಕೆ ಊರಿನ ನಗುವಿನದ್ದಲ್ಲ. ಗಿಳಿಯ ತಾಯಿಯದು. ಆಕೆ ಈ ಸಲ ವರ್ಷ ತುಂಬುವವರೆಗೆ ಕಾಯಲಿಲ್ಲ. ಬೆಟ್ಟದ ಚಿತ್ರ ಬಂದಿದೆಯಂತೆ, ನಿಜವಾಗಿ ಅಲ್ಲಿದ್ದವರನ್ನು ಕೇಳಿ ಮಾಡಿದ್ದಾರಂತೆ ಎಂದು ಯಾರೋ ಪತ್ರಿಕೆ ಓದಿ ಹೇಳಿದ್ದರು. ಒಂದು ಮಧ್ಯಾಹ್ನ ಬಂದು ಬೆಂಚಿನಲ್ಲಿ ಕೂತು, ನನಗೊಂದು ಟಿಕೆಟು ಕೊಡಿಸಪ್ಪಾ ಎಂದಳು. ಅವನು ಹೌಸ್‌ಫುಲ್ ಎಂದ. ಮುಂದಿನ ವಾರ ಬಂದಳು. ನೂಕುನುಗ್ಗಲು, ನಿಮ್ಮಿಂದ ಆಗದು ಎಂದ. ಮತ್ತೆ ಬಂದಳು. ನೋಡಿದರೆ ನಿಮಗೆ ತಡೆಯಲಾಗದು ಎಂದ. "ಹೆತ್ತವಳು ಕಣಪ್ಪಾ ನಾನು, ತಡ್ಕೊಳ್ಳೋದು ಬಿಟ್ಟು ಇನ್ನೇನು ಮಾಡಿದ್ದೀನಿ?" ಎಂದಳು ಆಕೆ. ಅವನು ಅಂದೂ ಏನೋ ನೆಪ ಹೇಳಿ ಬಸ್ಸು ಹತ್ತಿಸಿ ಕಳಿಸಿದ. ತನ್ನ ಮಗ ಯಾರನ್ನು ಕರೆಯುತ್ತ ಸತ್ತ ಎನ್ನುವುದನ್ನು, ಸಿಳ್ಳೆ ಹೊಡೆಯುವವರ ನಡುವೆ ಕೂತು ಆ ತಾಯಿ ಕೇಳಬಾರದು. ಮನೆಗೆ ಹೋಗಿ ಸೊಸೆಯ ಮುಖ ಹೇಗೆ ನೋಡುತ್ತಾಳೆ? ಲಾರಿಯಿಂದ ಇಳಿದು ಬರುವ ಮಗನಿಗೆ ಅನ್ನ ಹೇಗೆ ಬಡಿಸುತ್ತಾಳೆ?

ಊಟ ಸೇರದೆ ಅವನು ಕರಗುತ್ತಿದ್ದುದನ್ನು ಹೆಂಡತಿ ನೋಡಿದಳು. ಕೊನೆಗೊಂದು ದಿನ ತಾನೇ ಮ್ಯಾಟಿನಿಗೆ ಹೋಗಿ ಚಿತ್ರ ನೋಡಿಕೊಂಡು ಬಂದಳು. ಆ ಕೈ ಯಾರದು ಎಂದು ಕೇಳುವ ಅಗತ್ಯ ಆಕೆಗೆ ಬೀಳಲಿಲ್ಲ. ಒಗೆಯುವ ಕಡೆಯಿಂದ ವಾರ್ಡು ದೂರವಿಲ್ಲ, ಸಾಯುವವರು ಯಾರ್ಯಾರನ್ನೋ ಕರೆಯುತ್ತಾರೆ, ಕೇಳಿಸಿಕೊಂಡವರು ಅದಕ್ಕೆಲ್ಲ ಅರ್ಥ ಹಚ್ಚಬಾರದು ಎಂದಷ್ಟೇ ಹೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಕೊನೆಗೆ ಅವನ ನೆರವಿಗೆ ಬಂದದ್ದು ಕಲ್ಲು. ಮಾಜಿ ಸೈನಿಕರ ಸಂಘದವರು, ಇದು ಯೋಧರಿಗೂ ಮನೆತನದ ಹೆಣ್ಣುಮಕ್ಕಳಿಗೂ ಮಾಡಿದ ಅವಮಾನ ಎಂದು ಮೆರವಣಿಗೆ ಬಂದು ಟಾಕೀಸಿನ ಗಾಜು ಒಡೆದರು. ಬೇರೆ ಊರುಗಳಲ್ಲೂ ಹೀಗೇ ಆಯಿತಂತೆ. ಚಿತ್ರಕ್ಕೆ ಹಣ ಹಾಕಿದವನು ಹೆದರಿದ. ನಿರ್ದೇಶಕ ಎಷ್ಟೋ ಜಗಳಾಡಿದ ಎಂದು ಹೇಳುತ್ತಾರೆ, ಯಾರು ಕೇಳುತ್ತಾರೆ? ಕರೆಯನ್ನು ಬೇರೆ ಗಂಟಲಿನಿಂದ ಡಬ್ಬಿಂಗ್ ಮಾಡಿಸಿ ಹೊಸ ಪ್ರಿಂಟು ಕಳಿಸಿದರು. ಈಗ ಹುಡುಗ ಅಮ್ಮಾ ಎಂದು ಸಾಯುತ್ತಿದ್ದ. ನಗು ನಿಂತಿತು. ಇಡೀ ಟಾಕೀಸು ಆ ಜಾಗದಲ್ಲಿ ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿತು. ಕೂಗಿದ ಪೋಕರಿಗಳೇ ಈಗ ಮೂಗು ಒರೆಸಿಕೊಂಡರು. ಚಿತ್ರ ಇನ್ನಷ್ಟು ಓಡಿತು, ಪ್ರಶಸ್ತಿ ಪಡೆಯಿತು. ಇವತ್ತಿಗೂ ಯುದ್ಧದ ಚಿತ್ರ ಎಂದರೆ ಅದರ ಹೆಸರೇ ಮೊದಲು ಬರುತ್ತದೆ, ಅಮ್ಮಾ ಎನ್ನುವ ಆ ದೃಶ್ಯವನ್ನು ನೆನೆಯದವರಿಲ್ಲ. ಮೊದಲು ಅಲ್ಲಿ ಬೇರೆ ಮಾತಿತ್ತು ಎಂದರೆ ಯಾರೂ ನಂಬುವುದಿಲ್ಲ.

ಹವಾಲ್ದಾರನ ಎದೆಯ ಮೇಲಿನ ಚಪ್ಪಡಿ ಇಳಿಯಿತು. ಇನ್ನು ಹೆದರಿಕೆಯಿಲ್ಲ ಎಂದುಕೊಂಡು, ಗಿಳಿಯ ತಾಯಿ ಮತ್ತೆ ಬಂದಾಗ ತಾನೇ ಟಿಕೆಟು ಕೊಡಿಸಿದ. ಸ್ಪ್ರಿಂಗು ಚುಚ್ಚದ ಕುರ್ಚಿ ಹುಡುಕಿ, ಟಾರ್ಚು ಹಿಡಿದು, ಕೈ ಹಿಡಿದು ಕೂರಿಸಿದ. ಆಟ ಮುಗಿಯುವವರೆಗೂ ಕತ್ತಲಲ್ಲಿ ಆ ಒಂದು ಮುಖವನ್ನೇ ನೋಡುತ್ತಿದ್ದ. ಹುಡುಗನ ಹೊಟ್ಟೆಗೆ ಗುಂಡು ಬಿದ್ದಾಗ ಆಕೆ ಎದುರಿನ ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲೂ ಹಿಡಿದಳು. ಅಮ್ಮಾ ಎಂಬ ಕರೆಗೆ ಸುತ್ತಲಿನವರೆಲ್ಲ ಅತ್ತರು. ಆಕೆ ಮಾತ್ರ ಕೈ ಬಿಟ್ಟು ನಿಧಾನವಾಗಿ ಹಿಂದಕ್ಕೆ ಒರಗಿದಳು.

ಜನವೆಲ್ಲ ಹೋದ ಮೇಲೆ ಕೊನೆಯಲ್ಲಿ ಬಂದಳು. ಕಣ್ಣು ಒಣಗಿತ್ತು. ಬೆಂಚಿನಲ್ಲಿ ಕೂತು, ಬಹಳ ದೂರ ಹೊತ್ತು ತಂದದ್ದನ್ನು ಇಳಿಸಿದವಳಂತೆ ಉಸಿರು ಬಿಟ್ಟಳು.

"ಅದು ನನ್ನ ಮಗ ಅಲ್ಲ ಕಣಪ್ಪಾ," ಎಂದಳು.

ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ನಾನು ನೊಂದುಕೊಳ್ಳುತ್ತೇನೆಂದು ನೀನು ಸುಳ್ಳು ಹೇಳುತ್ತಿದ್ದೀಯೇನೋ, ನಿಜವಾಗಿ ಅವನು ಬಹಳ ನರಳಿದನೇನೋ ಎಂದು ಇಷ್ಟು ವರ್ಷವೂ ಒಂದು ಹುಳ ಕೊರೆಯುತ್ತಿತ್ತು. ಅದಕ್ಕೇ ಈ ಪಿಕ್ಚರ್ ನೋಡಲೇಬೇಕೆಂದು ಹಟ ಹಿಡಿದೆ. ಆ ಹುಡುಗ ಬಿದ್ದಾಗ ಇವನೇ ನನ್ನ ಮಗ ಎನಿಸಿ ಜೀವ ಝಲ್ಲೆಂದಿತ್ತು. ಅಮ್ಮಾ ಎಂದ ನೋಡು, ಆಗ ಗೊತ್ತಾಯಿತು, ಇವನು ಬೇರೆ ಯಾರೋ ಪುಣ್ಯಾತ್ಗಿತ್ತಿಯ ಮಗ. ನೀನು ಹೇಳಿದ್ದೇ ನಿಜ, ನನ್ನ ಮಗ ನೋವಿಲ್ಲದೆ ಹೋದ. ಇನ್ನು ನಾನು ನಿನ್ನನ್ನು ಕೇಳಿ ಕಾಡುವುದಿಲ್ಲ.

"ಅಮ್ಮಾ ಅಂದ್ರೆ ಹೇಗೆ ಗೊತ್ತಾಗತ್ತೆ? ಎಲ್ಲರೂ ಹಾಗೇ ಕರೀತಾರಲ್ಲ," ಎಂದ ಹವಾಲ್ದಾರ, ಮಾತಿಗೆ ಮಾತು ಎಂದು.

"ನನ್ನ ಮಗ ಒಂದು ದಿನಾನೂ ನನ್ನ ಅಮ್ಮ ಅಂತ ಕರೆದೋನಲ್ಲ. ಹೊರಗಿನವರ ಹತ್ರ ಹೇಳೋವಾಗ ಅಮ್ಮ ಅಂತಿದ್ನೋ ಏನೋ. ನನ್ನ ಕರೀತಿದ್ದದ್ದು ಅತ್ತಿಗೆ ಅಂತ."

ಆಕೆ ಸ್ವಲ್ಪ ನಕ್ಕಳು ಕೂಡ. ಮದುವೆಯಾಗಿ ಬಂದಾಗ ಮನೆ ತುಂಬ ಮೈದುನರು. ಬೆಳಗಾದರೆ ಅತ್ತಿಗೆ ನೀರು, ಅತ್ತಿಗೆ ಬಟ್ಟೆ, ಅತ್ತಿಗೆ ಹಸಿವು. ಆ ಚಿಕ್ಕಪ್ಪಂದಿರ ಹೆಗಲ ಮೇಲೆ ಬೆಳೆದ ಮಗು ಮಾತು ಕಲಿತದ್ದೇ ಅತ್ತಿಗೆ ಎಂದು. ದೊಡ್ಡವನಿಗೆ ಅವನಜ್ಜಿ ಹೊಡೆದು ಬಡಿದು ಅಮ್ಮ ಅನ್ನಿಸಿದ್ದಳು, ಚಿಕ್ಕವನು ಅಜ್ಜಿಗೆ ಬಗ್ಗಲಿಲ್ಲ. ಪಟಾಲಮ್ಮಿಗೆ ಹೊರಟ ದಿನವೂ ಬಾಗಿಲಲ್ಲಿ ನಿಂತು, ಅತ್ತಿಗೇ ಬರ್ತೀನಿ ಎಂದೇ ಹೋದ.

ಹವಾಲ್ದಾರ ಮಡಚದ ಕಾಲನ್ನು ಮುಂದೆ ಚಾಚಿ, ಬೆಂಚಿನ ಕೊನೆಗೆ ಕೂತ. ಸುಮ್ಮನಿದ್ದರೆ ಸಾಕಿತ್ತು. ಅವನು ಇಷ್ಟು ವರ್ಷ ಒಬ್ಬನೇ ಹೊತ್ತ ಸುಳ್ಳಿಗೆ ಈಗ ಸಿನಿಮಾವೇ ಸಾಕ್ಷಿ ಹೇಳಿತ್ತು. ಆಕೆ ನೆಮ್ಮದಿಯಾಗಿ ಬಸ್ಸು ಹತ್ತುತ್ತಿದ್ದಳು, ನೆಮ್ಮದಿಯಾಗಿ ಸಾಯುತ್ತಿದ್ದಳು. ಆದರೆ ಅವನ ಹತ್ತಿರ ಇದ್ದದ್ದು ಆಕೆಯ ಸೊತ್ತು. ಮಗ ತಾಯಿಗೆಂದು ಕಳಿಸಿದ ಮಾತು. ಅದನ್ನು ಕೊಳಕೆಂದು ತಿಳಿದು ಬಚ್ಚಿಟ್ಟಿದ್ದವನು ಅವನು. ಈಗ ಕೊಡದಿದ್ದರೆ ಕಳ್ಳನಾಗುತ್ತಾನೆ, ಕೊಟ್ಟರೆ ಕೊಲೆಗಾರನಾಗುತ್ತಾನೆ. ಆಕೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

"ಅವನು ನಿಮ್ಮನ್ನ ಕರೆದ, ಅಮ್ಮಾ," ಎಂದ. "ಅತ್ತಿಗೇ ಅಂತಾನೇ ಕರೆದ. ಮಧ್ಯಾಹ್ನ ಇಳಿಯೋ ಹೊತ್ತಿಂದ ಕರೀತಾನೇ ಇದ್ದ. ಬಾ ಅಂದ, ಇಲ್ಲೇ ಕೂತ್ಕೋ ಅಂದ."

ಶುರುವಾದ ಮೇಲೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಗಾಯ ಹೊಟ್ಟೆಗೆ ಆಗಿತ್ತು ಎಂದ. ಪಿಕ್ಚರಿನಲ್ಲೂ ಮೊದಲು ಅದೇ ಮಾತಿತ್ತು, ಜನ ನಕ್ಕಿದ್ದಕ್ಕೆ ಬದಲಾಯಿಸಿದರು ಎಂದ. ಅವನು ಅಣ್ಣನ ಹೆಂಡತಿಯನ್ನು ಕರೆಯುತ್ತಿದ್ದಾನೆ ಎಂದು ನಾನಂದುಕೊಂಡೆ ಎನ್ನುವಾಗ ಮಾತ್ರ ತಲೆ ಎತ್ತಲಾಗಲಿಲ್ಲ.

"ಅವಳನ್ನಾ?" ಎಂದಳು ತಾಯಿ. "ಅಣ್ಣನ ಮದುವೆಗೆ ಅವನಿಗೆ ರಜ ಸಿಗ್ಲಿಲ್ಲ. ಅವಳ ಮುಖಾನೇ ಅವನು ನೋಡಿರ್ಲಿಲ್ಲ."

ಹೊರಗೆ ಮುಂದಿನ ಆಟಕ್ಕೆ ಜನ ಸೇರುತ್ತಿದ್ದರು. ಬಾಗಿಲ ಸಂದಿಯಿಂದ ಸಾಲಿನ ಗದ್ದಲ ಕೇಳುತ್ತಿತ್ತು. ಆಕೆ ಅದನ್ನು ಕೇಳುತ್ತ ಕೂತಳು. ನಮ್ಮ ಬೀದಿಯಲ್ಲೂ ಹುಡುಗರು ಅತ್ತಿಗೇ ಅಂತ ಕೂಗಿಕೊಂಡು ಹೋಗುತ್ತಿದ್ದರು, ಯಾಕೆಂದು ಗೊತ್ತಿರಲಿಲ್ಲ, ನಾನು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ ಎಂದಳು. ಹೇಳುವಾಗ ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ಬಾಯಿ ಮುಚ್ಚಿದ್ದು? ಅದೂ ನಿಜಾನಾ?"

"ನಿಜ."

"ಶತ್ರುಗಳಿಗೆ ಕೇಳತ್ತೆ ಅಂತಾನಾ?"

"ಅಲ್ಲ ಅಮ್ಮಾ. ಪಕ್ಕದಲ್ಲಿದ್ದೋರು ನಗ್ತಿದ್ರು. ಅವನ ಮಾನ ಹೋಗತ್ತೆ ಅಂತ ಬಾಯಿ ಮೇಲೆ ಕೈ ಇಟ್ಟೆ. ಹಾಗೆ ಕರೀಬೇಡ ಕಣೋ, ಎಲ್ಲಾ ನಗ್ತಾರೆ ಅಂತ ಕಿವೀಲಿ ಹೇಳ್ದೆ."

ಬೈದಿದ್ದರೆ, ಎದ್ದು ಕೆನ್ನೆಗೆ ಹೊಡೆದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ಆಕೆ ಅವನ ಅಂಗೈಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಆಕೆಯ ಮುಖದ ಬಣ್ಣ ಇಳಿಯಿತು.

"ಶಾಲೆಗೆ ಸೇರಿಸಿದ ದಿನ ನಾನೇ ಅವನಿಗೆ ಹಾಗೆ ಹೇಳಿದ್ದೆ," ಎಂದಳು. "ಹೀಗೇ ಬಾಯಿ ಮೇಲೆ ಕೈ ಇಟ್ಟು. ಮನೇಲಿ ಏನಾದ್ರೂ ಕರಿ, ಹೊರಗೆ ಹಾಗೆ ಕರೀಬೇಡ, ಎಲ್ಲಾ ನಗ್ತಾರೆ ಅಂತ."

ಸಾಹುಕಾರ ಮೇಲಿನಿಂದ ಹವಾಲ್ದಾರನನ್ನು ಕೂಗಿ ಗೇಟು ತೆಗೆಯಲು ಹೇಳಿದ. ಅವನು ಏಳಲಿಲ್ಲ.

"ನೀನು ಹೇಳಿದ ಮೇಲೆ ಸುಮ್ಮನಾದ್ನಾ?"

"ಸುಮ್ಮನಾದ."

"ಆಗ್ತಾನೆ," ಎಂದಳು ತಾಯಿ. "ನಾನು ಹೇಳಿದ ಮಾತು ಅವನು ಒಂದೂ ಮೀರ್ತಿರ್ಲಿಲ್ಲ."